ಅಮ್ಮನಿಗೆ ಮಂಡಿನೋವು, ಗ್ವಾನಹ್ವಾತೊಗೆ ಕರೆದುಕೊಂಡು ಹೋಗಬಹುದಾ?

ತೀರ್ಥಹಳ್ಳಿ_ತುಂಗೆ:
ಎಲ್ಲರಿಗೂ ನಮಸ್ಕಾರ. ತಮ್ಮ ಡಲ್ಲಾಸ್‌ನಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ಅಮ್ಮನ ಜೊತೆ ಅಲ್ಲಿಗೆ ಹೋಗುತ್ತಿದ್ದೇನೆ. ಅಲ್ಲಿಂದ ನಾಲ್ಕು ದಿನ ಮೆಕ್ಸಿಕೋದ ಗ್ವಾನಹ್ವಾತೊ ನೋಡುವ ಆಸೆ. ಅಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರು. ಚಿತ್ರಕಾರ ಡಿಯೇಗೊ ರಿವೇರಾ ಹುಟ್ಟಿದ ಮನೆ ಆ ಊರಲ್ಲಿದೆ ಅಂತ ಗೊತ್ತಾದಾಗಿನಿಂದ ದಿನಾ ಅದೇ ಮಾತು. ಆದರೆ ವಯಸ್ಸು 68, ಎರಡೂ ಮಂಡಿ ನೋವು. ಹೋದ ವರ್ಷ ಕುಂದಾದ್ರಿಯಲ್ಲಿ ಕಾರು ನಿಂತ ಮೇಲೆ ಇರುವ ಮೆಟ್ಟಿಲಿಗೇ ಸುಸ್ತಾದರು. ಫೋಟೋದಲ್ಲಿ ನೋಡಿದರೆ ಊರೆಲ್ಲ ಗುಡ್ಡದ ಮೇಲೆ! ಹೋಗುವುದು ಹೇಗೆ, ಓಡಾಡುವುದು ಹೇಗೆ? ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ.

ಸಾಗರದವ:
ಖಂಡಿತ ಕರೆದುಕೊಂಡು ಹೋಗಿ ಅಕ್ಕ. ಕೆಲಸದ ಮೇಲೆ ಎರಡು ವರ್ಷ ಪಕ್ಕದ ಕೆರೆತಾರೊ ಊರಿನಲ್ಲಿದ್ದೆ. ಗ್ವಾನಹ್ವಾತೊಗೆ ಆರು ಸಲ ಹೋಗಿದ್ದೇನೆ. ಒಂದು ಸಲ ಅಪ್ಪನೂ ಇದ್ದರು, ಅವರಿಗೂ ಮಂಡಿನೋವೇ.

ಮೊದಲು ದಾರಿ. ಡಲ್ಲಾಸ್‌ನಿಂದ ಬಹೀಯೊ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇದೆ. ಟಿಕೆಟ್‌ನಲ್ಲಿ ಊರಿನ ಹೆಸರು ಲೆಯೋನ್ ಅಂತ ಬರಬಹುದು, ಗಾಬರಿ ಬೇಡ. ನಿಲ್ದಾಣ ಇರುವುದು ಸಿಲಾವೊ ಹತ್ತಿರ. ಅಲ್ಲಿಂದ ಗ್ವಾನಹ್ವಾತೊ ಸುಮಾರು 30 ಕಿ.ಮೀ. ಒಳಗಿನ ಟ್ಯಾಕ್ಸಿ ಕೌಂಟರ್‌ನಲ್ಲೇ ದುಡ್ಡು ಕಟ್ಟಿ ಚೀಟಿ ತೆಗೆದುಕೊಳ್ಳಿ. ಮೆಕ್ಸಿಕೋ ಸಿಟಿ ಸುತ್ತಿ ಬಂದರೆ ಉತ್ತರದ ಬಸ್ ನಿಲ್ದಾಣದಿಂದ ಐದು ಗಂಟೆ ಕೂರಬೇಕು. ಬಸ್ಸು ಚೆನ್ನಾಗಿರುತ್ತದೆ, ಆದರೆ ಅಮ್ಮನಿಗೆ ಯಾಕೆ ಅಷ್ಟು ಶ್ರಮ?

ಈಗ ಮುಖ್ಯ ವಿಷಯ. ಆ ಊರಲ್ಲಿ ದೂರ ಲೆಕ್ಕಕ್ಕಿಲ್ಲ, ಮೆಟ್ಟಿಲು ಲೆಕ್ಕ. ಊರಿನ ತುಂಬ 'ಕಾಯೆಹೋನ್' ಅನ್ನುವ ಓಣಿಗಳಿವೆ. ಅಲ್ಲಿಗೆ ಕಾರು ಬರುವುದಿಲ್ಲ. 'ಚುಂಬನದ ಓಣಿ' ಅಂತ ಹೆಸರಾದ ಒಂದು ಓಣಿಯಂತೂ ಅತಿ ಕಿರಿದಾದ ಕಡೆ 68 ಸೆಂಟಿಮೀಟರ್ ಮಾತ್ರ. ನಾನು ಫೋಟೋ ನೋಡಿ, ಬಾಲ್ಕನಿಯಿಂದ ಊರೆಲ್ಲ ಕಾಣುತ್ತದೆ ಅಂತ ಒಂದು ಕಡೆ ರೂಮು ಹಿಡಿದಿದ್ದೆ. ಟ್ಯಾಕ್ಸಿಯವನು ಕೆಳಗೆ ಇಳಿಸಿದ. ಮೇಲೆ 112 ಮೆಟ್ಟಿಲು. ಎರಡು ಸೂಟ್‌ಕೇಸ್ ನಾನು ಹೊತ್ತೆ. ಅಪ್ಪ ಹತ್ತು ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ನಿಂತರು. ಬುಕ್ ಮಾಡುವಾಗ ಮೆಟ್ಟಿಲಿನ ಮಾತೇ ಯಾರೂ ಎತ್ತಿರಲಿಲ್ಲ. ಅದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮರುದಿನವೇ ಜಾಗ ಬದಲಿಸಿದೆವು.

ಅದಕ್ಕೇ ಹೇಳುವುದು, ಹಾರ್ದಿನ್ ದೆ ಲಾ ಊನಿಯೋನ್ ಉದ್ಯಾನದ ಹತ್ತಿರವೇ ಉಳಿಯಿರಿ. ಅಲ್ಲಿ ನೆಲ ಹೆಚ್ಚು ಕಡಿಮೆ ಸಮ. 1903ರಲ್ಲಿ ಶುರುವಾದ ಹುವಾರೆಸ್ ರಂಗಮಂದಿರ ಎದುರಿಗೇ ಇದೆ. ಅದರ ಹಿಂದಿನಿಂದ ಹಳಿಯ ಮೇಲೆ ಗುಡ್ಡ ಹತ್ತುವ ಗಾಡಿ ಸಿಗುತ್ತದೆ. ಮೇಲೆ ಅವರ ಸ್ವಾತಂತ್ರ್ಯ ಹೋರಾಟದ ವೀರ ಪೀಪಿಲಾನ ಪ್ರತಿಮೆ. ಊರು ಪೂರ್ತಿ ಕಾಣುವುದು ಅಲ್ಲಿಂದಲೇ. ಎರಡೂ ಕಡೆಗೆ ಟಿಕೆಟ್ ಮಾಡಿಸಿ. ಇಳಿಯುವುದು ಸುಲಭ ಅಂತ ನಡೆದು ಬರಬೇಡಿ, ಮಂಡಿಗೆ ಇಳಿಜಾರೇ ಜಾಸ್ತಿ ಕಷ್ಟ.

ರಸ್ತೆಗಳು ಊರಿನ ಅಡಿಯಲ್ಲಿ ಸುರಂಗದಲ್ಲಿ ಹೋಗುತ್ತವೆ. ಮುಖ್ಯವಾದ ಸುರಂಗ ಮೊದಲು ನದಿ ಹರಿಯುತ್ತಿದ್ದ ಜಾಗ. 1905ರಲ್ಲಿ ದೊಡ್ಡ ಪ್ರವಾಹ ಬಂದು ಊರು ಹಾಳಾಗಿತ್ತು. ಮುಂದೆ ನೀರನ್ನು ಬೇರೆ ಕಡೆ ತಿರುಗಿಸಿದರು, 1960ರ ದಶಕದಲ್ಲಿ ಹಳೇ ಪಾತ್ರ ರಸ್ತೆಯಾಯಿತು. ನಮ್ಮದು ಶರಾವತಿ ಮುಳುಗಡೆ ಕುಟುಂಬ. ನೀರು ಬಂದು ಊರು ಹೋಗಿದ್ದನ್ನು ಕಂಡವರು ಅಪ್ಪ. ನೀರು ಹೋಗಿ ರಸ್ತೆ ಬಂದ ಆ ಕಲ್ಲಿನ ಕಮಾನಿನ ಕೆಳಗೆ ತುಂಬಾ ಹೊತ್ತು ನಿಂತಿದ್ದರು. ಮಾತಾಡಲಿಲ್ಲ. ನಾನೂ ಕರೆಯಲಿಲ್ಲ.

ಸಿಟಿ ಬಸ್ಸು ಸುರಂಗದ ಒಳಗೂ ನಿಲ್ಲುತ್ತದೆ, ಆದರೆ ಮೇಲೆ ಬರಲು ಮತ್ತೆ ಮೆಟ್ಟಿಲು. ನೀವು ಟ್ಯಾಕ್ಸಿಯನ್ನೇ ಹಿಡಿಯಿರಿ. ಹತ್ತುವ ಮೊದಲು ದರ ಕೇಳಿ, ಚಿಲ್ಲರೆ ಇಟ್ಟುಕೊಳ್ಳಿ.

ಮಲ್ನಾಡ್_ಅಡುಗೆಮನೆ:
ಊಟದ ಬಗ್ಗೆ ನಾನು ಹೇಳುತ್ತೇನೆ ಕಣಮ್ಮ. ಬೇಯಿಸಿದ ಹುರುಳಿಕಾಯಿ ಬೀಜ ನೋಡಿ ಸಸ್ಯಾಹಾರ ಅಂದುಕೊಳ್ಳಬೇಡಿ, ಹಂದಿ ಕೊಬ್ಬು ಹಾಕಿರಬಹುದು. 'ಸಿನ್ ಕಾರ್ನೆ, ಸಿನ್ ಮಾಂತೇಕಾ' ಅಂತ ಚೀಟಿಯಲ್ಲಿ ಬರೆದು ತೋರಿಸಿ. ಮಾಂಸ ಬೇಡ, ಕೊಬ್ಬು ಬೇಡ ಅಂತ ಅರ್ಥ. ಅನ್ನವನ್ನೂ ಕೋಳಿ ಸಾರಿನಲ್ಲಿ ಬೇಯಿಸುವುದುಂಟು, ಕೇಳಿಯೇ ತಿನ್ನಿ. ಕುಂಬಳ ಹೂವು ಮತ್ತು ಚೀಸ್ ಹಾಕಿ ಮಡಚಿದ ರೊಟ್ಟಿ, ಅಂದರೆ ಕೆಸಡಿಯಾ, ಸಿಕ್ಕರೆ ಬಿಡಬೇಡಿ. ನಾವು ಕುಂಬಳ ಹೂವಿನ ಪಲ್ಯ ಮಾಡುವವರು, ರುಚಿ ಕೂಡಲೇ ಗುರುತು ಸಿಗುತ್ತದೆ. ಅಮ್ಮನಿಗೆ ಒಂದು ಶಾಲು ಇರಲಿ. ಊರು ಸುಮಾರು 2000 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಜಾಸ್ತಿ. ಮೊದಲ ದಿನ ಸುಮ್ನೆ ಕೂರಿಸಿ, ನೀರು ಕುಡಿಸಿ.

ತೀರ್ಥಹಳ್ಳಿ_ತುಂಗೆ:
ಇಬ್ಬರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಸಾಗರದ ಅಣ್ಣ, ಮೆಕ್ಸಿಕೋಗೆ ಬೇರೆ ವೀಸಾ ಬೇಕಾ? ರಿವೇರಾ ಮನೆಯೊಳಗೆ ಮೆಟ್ಟಿಲು ಇದೆಯಾ?

ಸಾಗರದವ:
ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಬೇರೆ ವೀಸಾ ಬೇಡ.

ಮನೆ ಪೊಸೀತೋಸ್ ಬೀದಿಯಲ್ಲಿದೆ. ಅವರು ಅಲ್ಲಿ ಹುಟ್ಟಿದ್ದು 1886ರಲ್ಲಿ. ನೆಲಮಹಡಿಯಲ್ಲಿ ಆ ಕಾಲದ ಮಂಚ, ಕುರ್ಚಿ, ಮೇಜು ಜೋಡಿಸಿದ್ದಾರೆ. ಚಿತ್ರಗಳಿರುವುದು ಮೇಲಿನ ಮಹಡಿಗಳಲ್ಲಿ. ಹೌದು, ಹತ್ತಬೇಕು. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ ಅಕ್ಕ. ಬೆಳಿಗ್ಗೆಯೇ ಹೋಗಿ, ಒಂದೊಂದೇ ಮಹಡಿ, ಕೂತು ಕೂತು ನೋಡಲಿ.

ಒಂದು ವಿಷಯ ಮರೆತಿದ್ದೆ. ಅಕ್ಟೋಬರ್‌ನಲ್ಲಿ ಅಲ್ಲಿ ಸೆರ್ವಾಂತೀನೊ ಉತ್ಸವ. ನಾಟಕ, ಸಂಗೀತ, ಊರು ತುಂಬ ಜನ. ಸಮತಟ್ಟು ಜಾಗದ ರೂಮು ಮೊದಲು ತುಂಬಿ ಹೋಗುತ್ತವೆ. ಇವತ್ತೇ ಹುಡುಕಿ. ಸಿಗದಿದ್ದರೆ ನವೆಂಬರ್ ಎರಡನೇ ವಾರಕ್ಕೆ ಹಾಕಿ. ರೂಮಿನವರಿಗೆ ಒಂದೇ ಪ್ರಶ್ನೆ ಕೇಳಿ: ಟ್ಯಾಕ್ಸಿ ನಿಲ್ಲುವ ಜಾಗದಿಂದ ನಿಮ್ಮ ಬಾಗಿಲಿಗೆ ಎಷ್ಟು ಮೆಟ್ಟಿಲು?