ಕುಂಡದ ಮಣ್ಣಿನ ಕಪ್ಪು ನುಸಿಗೆ ನೆಮಟೋಡ್: ಮುಂಬಯಿಯ ಸೆಖೆಯಲ್ಲಿ ಫಲಿಸುತ್ತದೆಯೇ?

ಪ್ರಶ್ನೆ, ಡೊಂಬಿವಲಿಯಿಂದ:
ಮಳೆ ಹಿಡಿದಂದಿನಿಂದ ಬಾಲ್ಕನಿಯ ಕರಿಬೇವು, ಮಲ್ಲಿಗೆ ಸಸಿಗಳ ಬುಡದಿಂದ ಫಂಗಸ್ ನ್ಯಾಟ್ ಎಂಬ ಕಪ್ಪು ನುಸಿಗಳು ಏಳುತ್ತಿವೆ. ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ರಾಸಾಯನಿಕ ಔಷಧ ಬೇಡ. ನುಸಿಯ ಮರಿಗಳನ್ನು ಕೊಲ್ಲುವ ನೆಮಟೋಡ್ ಎಂಬ ಸೂಕ್ಷ್ಮ ಹುಳುಗಳನ್ನು ಬಳಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಪುಣೆ, ಕೊಥ್ರೂಡ್‌ನಿಂದ:
ಮೇಡಂ, ನಾವು ಬಳಸಿದ್ದು ಸ್ಟೈನರ್ನೀಮಾ ಫೆಲ್ಟಿಯೆ ಎಂಬ ಜಾತಿಯ ನೆಮಟೋಡ್. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ದುಂಡುಹುಳುಗಳು ಮಣ್ಣಿನ ಕಣಗಳ ನಡುವಿನ ತೇವದಲ್ಲಿ ಸಾಗಿ, ನುಸಿಯ ಮರಿಹುಳುವಿನ ಬಾಯಿ, ಗುದದ್ವಾರಗಳ ಮೂಲಕ ಒಳಹೊಕ್ಕು, ತಮ್ಮೊಳಗೆ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತವೆ. ಮರಿಹುಳು ಒಂದೆರಡು ದಿನಗಳಲ್ಲಿ ಸಾಯುತ್ತದೆ. ಹಾರುವ ನುಸಿಗೆ ಇದು ತಟ್ಟುವುದಿಲ್ಲವಾದ್ದರಿಂದ ಹಾಕಿದ ಮೇಲೂ ಕೆಲಕಾಲ ನುಸಿಗಳು ಕಾಣುತ್ತಲೇ ಇರುತ್ತವೆ. ಎರಡು ವಾರಗಳ ನಂತರ ಇನ್ನೊಮ್ಮೆ ಹಾಕುವುದು ಅದಕ್ಕಾಗಿಯೇ.

ಖರೀದಿಗೆ ಮುನ್ನ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿಗೆ ಒತ್ತಿಟ್ಟು, ಎರಡು ಮೂರು ದಿನ ಬಿಟ್ಟು ಮಗುಚಿ ನೋಡಿ. ಮರಿಗಳಿದ್ದರೆ ಅದರ ಅಡಿಯಲ್ಲಿ ಕೂಡಿರುತ್ತವೆ: ತಲೆ ಹೊಳೆಯುವ ಕಪ್ಪು, ಮೈ ಮಾತ್ರ ಒಳಗಿನ ಕರುಳು ಕಾಣುವಷ್ಟು ತಿಳಿ. ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಇವುಗಳನ್ನು ಕೊಲ್ಲುವುದರಿಂದ ಸಂಜೆ, ಮೊದಲೇ ತೋಯಿಸಿದ ಮಣ್ಣಿಗೆ ಸುರಿಯಬೇಕು. ನೆಮಟೋಡ್‌ಗಳು ನೀರಿನ ತಳಕ್ಕಿಳಿಯುತ್ತವೆ. ಕಲಕದೆ ಹೊಯ್ದರೆ ಮೊದಲ ಕುಂಡಗಳಿಗೆ ಬರಿಯ ನೀರೇ ಗತಿ.

ಮುಂಬಯಿ, ಮುಲುಂಡ್‌ನಿಂದ:
ಪುಣೆಯ ಹವೆಗೆ ಒಗ್ಗಿದ್ದು ಇಲ್ಲಿಗೂ ಒಗ್ಗೀತೆಂದು ನಾನು ಹೇಳಲಾರೆ. ಫೆಲ್ಟಿಯೆ ತಂಪುಪ್ರಿಯ ಜಾತಿ. ಮಣ್ಣಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಕಸುವು ಕುಗ್ಗುತ್ತದೆ, ಪಡುವಣ ಬಿಸಿಲು ಬೀಳುವ ನಮ್ಮ ಬಾಲ್ಕನಿಗಳಲ್ಲಿ ಮಳೆ ಬಿಡುವು ಕೊಟ್ಟ ದಿನ ಪ್ಲಾಸ್ಟಿಕ್ ಕುಂಡ ಅಷ್ಟು ಕಾಯುವುದು ಸಾಮಾನ್ಯ. ಸೆಖೆ ತಾಳುವ ಜಾತಿ ಹೆಟರೊರ್ಯಾಬ್ಡೈಟಿಸ್ ಇಂಡಿಕಾ. ಕೊಯಮತ್ತೂರಿನ ಈ ಹುಳುವಿಗೆ 1992ರಲ್ಲಿ ಹೆಸರಿಟ್ಟರು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದರ ಪುಡಿಯನ್ನು ಅಡಿಕೆಯಂಥ ಬೆಳೆಗಳ ಬೇರು ತಿನ್ನುವ ಗೊಣ್ಣೆಹುಳುವಿಗಾಗಿ ರೂಪಿಸಿದೆ. ಊರಿನಲ್ಲಿ ಅಡಿಕೆ ತೋಟವಿರುವ ನಂಟರನ್ನು ಕೇಳಿದರೆ ಅವರೇ ತಿಳಿಸಿಯಾರು. ನುಸಿಯ ಮರಿಗಳ ಮೇಲೂ ಇದು ಕೆಲಸ ಮಾಡುತ್ತದೆ. ಬರಿಯ ‘ನೆಮಟೋಡ್’ ಎಂದು ಬರೆದ ಪೊಟ್ಟಣವನ್ನು ಕೊಳ್ಳಬೇಡಿ. ಜಾತಿಯ ಹೆಸರು, ಬಳಕೆಯ ಕೊನೆಯ ದಿನಾಂಕ ಎರಡೂ ಇರಲಿ.

ಗೋವಾ, ಮಡಗಾಂವ್‌ನಿಂದ:
ಕೆಲವರು ಇದನ್ನು ಬೇರುಗಂಟು ರೋಗ ತರುವ ಜಂತುಹುಳುವೆಂದು ತಿಳಿದು ಹೆದರುತ್ತಾರೆ. ಅದು ಬೇರೆ, ಇದು ಗಿಡಕ್ಕಾಗಲಿ ಮಗುವಿಗಾಗಲಿ ಹಾನಿ ಮಾಡದು. ಆದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಕುಂಡಕ್ಕೆ ದಿನವೂ ನೀರುಣಿಸುತ್ತಿದ್ದರೆ ನುಸಿ ಮತ್ತೆ ಮೊಟ್ಟೆಯಿಡುವುದು ಖಂಡಿತ. ನೆಮಟೋಡ್ ಹಾಕಿದ ಎರಡು ವಾರ ಮಾತ್ರ ತೇವ ಕಾಯ್ದುಕೊಂಡು, ಆಮೇಲೆ ಮೇಲಿನ ಒಂದು ಅಂಗುಲ ಒಣಗಿದ ಬಳಿಕವೇ ನೀರು ಹಾಕಿ. ಹಾರುವ ನುಸಿಗಳಿಗೆ ಹಳದಿ ಅಂಟುಕಾಗದವನ್ನು ಮಣ್ಣಿಗೆ ಹತ್ತಿರವಾಗಿ ಸಿಕ್ಕಿಸಿ.