‘ಕಟ್ಟಿದೆ’, ‘ಹೊಗೆ’, ‘ಸಿಹಿನೀರು’: ಕಾದುಹೋದ ದೋಣಿ ಎಂಜಿನ್ನಿನ ಪರೀಕ್ಷೆಗೆ ಯಾವ ಪದ?

ಸಮುದ್ರದಲ್ಲಿ ಅತಿಯಾಗಿ ಕಾದು ನಿಂತ ಇನ್‌ಬೋರ್ಡ್ (ದೋಣಿಯ ಒಳಗೇ ಕೂರಿಸಿದ) ಎಂಜಿನ್ನನ್ನು ದಡಕ್ಕೆ ತಂದ ಮೇಲೆ ಪರೀಕ್ಷಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿನಲ್ಲಿ ತೊಡಕಿಲ್ಲ. ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಎಸಳಿನ ಚಕ್ರ), ಥರ್ಮೋಸ್ಟಾಟ್, ಹೀಟ್ ಎಕ್ಸ್‌ಚೇಂಜರ್ (ಎಂಜಿನ್ನಿನೊಳಗೆ ಸುತ್ತುವ ದ್ರವದ ಬಿಸಿಯನ್ನು ಹೊರಗಿನಿಂದ ಎಳೆದ ನೀರಿಗೆ ದಾಟಿಸುವ ಭಾಗ) ಎಂದೇ ಕೆಲಸಗಾರರು ಹೇಳುತ್ತಾರೆ, ಅವಕ್ಕೆ ಹೊಸ ಪದ ಟಂಕಿಸುವ ಹಂಬಲ ನನಗಿಲ್ಲ. ತೊಡಕಿರುವುದು ದಿನಬಳಕೆಯ ಕನ್ನಡದ ಮಾತುಗಳಲ್ಲಿ. ದೋಷವನ್ನು ಎಲ್ಲಿಂದ ಹುಡುಕಲು ತೊಡಗಬೇಕೆಂಬುದು ದೋಣಿ ನಡೆಸಿದವರ ಮಾತಿನ ಮೇಲೆಯೇ ತೀರ್ಮಾನವಾಗುವುದರಿಂದ, ಒಂದೇ ಪದ ಎರಡು ಸ್ಥಿತಿಗಳಿಗೆ ಸಲ್ಲುವ ಕಡೆ ಪರೀಕ್ಷೆ ಅಡ್ಡದಾರಿ ಹಿಡಿಯುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ‘ಕಟ್ಟು’. ‘ಪೈಪು ಕಟ್ಟಿದೆ’ ಎಂದರೆ ಹರಿವು ನಿಂತಿದೆ. ‘ಉಪ್ಪು ಕಟ್ಟಿದೆ’ ಎಂದರೆ ಒಳಗೋಡೆಗೆ ಪದರ ಹತ್ತಿದೆ. ಮೂಗು ಕಟ್ಟುವುದಕ್ಕೂ ಪಾಚಿ ಕಟ್ಟುವುದಕ್ಕೂ ಇರುವ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ‘ಹೀಟ್ ಎಕ್ಸ್‌ಚೇಂಜರ್ ಕಟ್ಟಿದೆ’ ಎಂದಾಗ ಯಾವುದನ್ನು ತಿಳಿಯಬೇಕು? ಇಂಪೆಲ್ಲರಿನ ರಬ್ಬರ್ ಎಸಳುಗಳು ಮುರಿದು ನೀರಿನೊಂದಿಗೆ ಸಾಗಿ ಅದರ ಸಣ್ಣ ಕೊಳವೆಗಳ ಬಾಯಿಗೆ ಬಂದು ನಿಂತಿದ್ದರೆ, ಎಕ್ಸಾಸ್ಟಿನಿಂದ (ಹೊಗೆ ಹೊರಹೋಗುವ ಕೊಳವೆಯಿಂದ) ಬೀಳುವ ನೀರು ಕಡಿಮೆಯಾಗಿ, ಬಿಸಿ ತೋರಿಸುವ ಮುಳ್ಳು ಬೇಗನೆ ಏರುತ್ತದೆ. ಆಗ ಮುಚ್ಚಳ ಬಿಚ್ಚಿ ತುಣುಕುಗಳನ್ನು ಹೆಕ್ಕಿ, ಇಂಪೆಲ್ಲರಿನಲ್ಲಿ ಎಷ್ಟು ಎಸಳು ಕಾಣೆಯಾಗಿವೆಯೋ ಅಷ್ಟೂ ಸಿಕ್ಕವೇ ಎಂದು ಜೋಡಿಸಿ ನೋಡಬೇಕು. ಸಿಗದ ತುಣುಕು ಮುಂದೆಲ್ಲೋ ಇದ್ದೇ ಇರುತ್ತದೆ. ಉಪ್ಪಿನ ಪದರವಾದರೆ ನೀರು ಬೀಳುವುದು ಬಹುಮಟ್ಟಿಗೆ ಸರಿಯಾಗಿಯೇ ಕಾಣಬಹುದು. ನಿಧಾನವಾಗಿ ಓಡಿಸುವಾಗ ಮುಳ್ಳು ಸುಮ್ಮನಿದ್ದು, ವೇಗ ಹೆಚ್ಚಿಸಿದಾಗ ಏರುತ್ತದೆ, ಏಕೆಂದರೆ ಪದರದ ಮೂಲಕ ಬಿಸಿ ದಾಟುವುದು ಕಷ್ಟ. ಇದಕ್ಕೆ ಹೆಕ್ಕುವುದು ಪರಿಹಾರವಲ್ಲ, ಪದರ ಕರಗಿಸುವ ದ್ರಾವಣದಿಂದ ತೊಳೆಯಬೇಕು. ಆದ್ದರಿಂದ ಮೊದಲನೆಯದಕ್ಕೆ ‘ಚೂರು ಸಿಕ್ಕಿಕೊಂಡಿದೆ’, ಎರಡನೆಯದಕ್ಕೆ ‘ಉಪ್ಪುಗಟ್ಟಿದೆ’ ಎಂದು ಬರೆದಿದ್ದೇನೆ. ‘ಹೆಪ್ಪುಗಟ್ಟು’ ಇರುವಾಗ ‘ಉಪ್ಪುಗಟ್ಟು’ ಕಿವಿಗೆ ಒರಟಾಗದು ಎಂಬುದು ನನ್ನ ಎಣಿಕೆ.

ಇನ್ನು ‘ಹೊಗೆ’. ಹಿಂದಿನಿಂದ ಬೆಳ್ಳಗೆ ಏನು ಬಂದರೂ ‘ಬಿಳಿ ಹೊಗೆ ಬಂತು’ ಎನ್ನುವುದು ರೂಢಿ. ಇಂಥ ಎಂಜಿನ್ನುಗಳಲ್ಲಿ ಬಹುಪಾಲು, ತಂಪು ಮಾಡುವ ಕೆಲಸ ಮುಗಿಸಿದ ನೀರನ್ನು ಎಕ್ಸಾಸ್ಟಿನೊಳಕ್ಕೇ ಬಿಡುವುದರಿಂದ, ಆ ನೀರು ಕಡಿಮೆಯಾದರೆ ಹೊರಬರುವುದು ಹಬೆ. ಹಬೆ ಸ್ವಲ್ಪ ದೂರ ಹೋಗಿ ಗಾಳಿಯಲ್ಲಿ ಕರಗುತ್ತದೆ. ಉರಿಯದ ಡೀಸೆಲ್ಲಿನ ಬಿಳಿ ಹೊಗೆ ನೀರಿನ ಮೇಲೆ ತಂಗುತ್ತದೆ, ಕಣ್ಣು ಉರಿಸುತ್ತದೆ. ನೀರು ಪೂರ್ತಿ ನಿಂತರೆ ಎಕ್ಸಾಸ್ಟಿನ ರಬ್ಬರ್ ಪೈಪೇ ಸುಡತೊಡಗುತ್ತದೆ, ಆಗ ಬರುವುದು ನಿಜವಾದ ಹೊಗೆ. ‘ಬಂದದ್ದು ಹಬೆಯೋ ಹೊಗೆಯೋ, ವಾಸನೆ ಏನಿತ್ತು’ ಎಂಬ ಪ್ರಶ್ನೆಯನ್ನು ಅದಕ್ಕಾಗಿಯೇ ಮೊದಲ ಸಾಲಿನಲ್ಲಿ ಇಟ್ಟಿದ್ದೇನೆ. ಇಲ್ಲಿ ‘ಆವಿ’ ಬೇಡವೆನಿಸಿತು. ಅದು ಕಣ್ಣಿಗೆ ಕಾಣದ್ದಕ್ಕೂ ಸಲ್ಲುತ್ತದೆ.

ಎರಡು ನೀರುಗಳ ಹೆಸರೂ ತೀರ್ಮಾನವಾಗಬೇಕಿದೆ. ಎಂಜಿನ್ನಿನೊಳಗೇ ಸುತ್ತುವ ದ್ರವವನ್ನು ‘ಸಿಹಿನೀರು’ ಎನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದರಲ್ಲಿ ಸಾಮಾನ್ಯವಾಗಿ ನೀರಿನಷ್ಟೇ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆತಿರುತ್ತದೆ, ಎಥಿಲೀನ್ ಗ್ಲೈಕಾಲ್ ವಿಷ. ಒತ್ತಡದಲ್ಲಿರುವುದರಿಂದ ಅದು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇದ್ದು, ಬಿಸಿಯಲ್ಲೇ ಮುಚ್ಚಳ ತೆರೆದರೆ ಒಮ್ಮೆಗೇ ಚಿಮ್ಮಿ ಮೈ ಸುಡುತ್ತದೆ. ‘ಸಿಹಿನೀರು ಕಡಿಮೆಯಾಗಿದೆ’ ಎಂದು ಓದಿದವರು ಕೊಡ ಹಿಡಿದು ಹೊರಟಾರು. ‘ಕೂಲೆಂಟ್’ ಎಂದೇ ಇರಲಿ. ಹೊರಗಿನಿಂದ ಪಂಪು ಎಳೆದುಕೊಳ್ಳುವುದಕ್ಕೆ ಕೆಲವರು ‘ಕಚ್ಚಾ ನೀರು’ ಎಂದು ಬರೆದದ್ದುಂಟು; ನೀರನ್ನು ಹಸಿಯೋ ಬೆಂದದ್ದೋ ಎಂದು ಕೇಳಿದಂತಾಗುತ್ತದೆ. ‘ಕಡಲನೀರು’ ಚೆಂದ, ಆದರೆ ಅದೇ ದೋಣಿ ನದಿಗೆ ಬಂದರೆ ಸಲ್ಲದು. ‘ಹೊರನೀರು’ ಎಂದು ಆರಿಸಿಕೊಂಡಿದ್ದೇನೆ.

‘ಕುದಿ’ಯ ವಿಷಯ ಚಿಕ್ಕದು. ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿದ ಕೂಡಲೇ ಕೂಲೆಂಟ್ ಟ್ಯಾಂಕಿನಲ್ಲಿ ಎಡೆಬಿಡದೆ ಗುಳ್ಳೆ ಬಂದರೆ ಅದು ಕುದಿತವಲ್ಲ, ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲ್ಮುಚ್ಚಳ ಸೋರದಂತೆ ನಡುವೆ ಇಡುವ ತೆಳು ಹಾಳೆ) ಹೋಗಿ ಸಿಲಿಂಡರಿನ ಅನಿಲ ನುಗ್ಗುತ್ತಿರಬಹುದು. ಅಲ್ಲಿ ‘ಗುಳ್ಳೆ ಏಳುತ್ತಿದೆ’ ಎಂದಷ್ಟೇ ಬರೆಯುವುದು ಕ್ಷೇಮ.

ಬಲ್ಲವರಲ್ಲಿ ನನ್ನ ಮುಖ್ಯ ಪ್ರಶ್ನೆ ಗಾಳಿಯದು. ಹೊರನೀರಿನ ಕಸ ತಡೆಯುವ ಜಾಲರಿ ಡಬ್ಬಿಯ ಮುಚ್ಚಳದ ರಬ್ಬರ್ ಸವೆದಿದ್ದರೆ ಪಂಪು ನೀರಿನ ಬದಲು ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಕೂಲೆಂಟನ್ನು ಹೊಸದಾಗಿ ತುಂಬಿದಾಗ ಒಳಗೆ ಉಳಿದ ಗಾಳಿ ಒಂದೆಡೆ ಕೂತುಬಿಡುವುದು ಬೇರೆಯೇ ಸಂಗತಿ. ಬಿಸಿ ಅಳೆಯುವ ಸೆನ್ಸರ್ ಆ ಗಾಳಿಯಲ್ಲಿ ಸಿಕ್ಕರೆ, ಎಂಜಿನ್ ಸುಡುತ್ತಿರುವಾಗಲೂ ಮುಳ್ಳು ಕೆಳಗೇ ಇರಬಹುದು. ಮೊದಲನೆಯದನ್ನು ‘ಗಾಳಿ ಎಳೆಯುತ್ತಿದೆ’ ಎಂದೂ ಎರಡನೆಯದನ್ನು ‘ಗಾಳಿ ಹಿಡಿದಿದೆ’ ಎಂದೂ ಬರೆದರೆ, ಪಂಪುಗಳ ಕೆಲಸ ಮಾಡುವವರಿಗೆ ಇವು ಬೇರೆಬೇರೆಯಾಗಿ ಕೇಳಿಸುತ್ತವೆಯೇ, ಇಲ್ಲವೇ ಎರಡಕ್ಕೂ ‘ಗಾಳಿ ಹಿಡಿದಿದೆ’ ಎಂಬುದೊಂದೇ ಬಳಕೆಯಲ್ಲಿದೆಯೇ?