ಸಿಗರೇಟು ಬಿಟ್ಟು 12 ವರ್ಷ ಆಯ್ತು, ಸ್ತನ ಕ್ಯಾನ್ಸರ್ ಭಯ ಇನ್ನೂ ಇದೆ

ಪ್ರಶ್ನೆ (ಕುವೆಂಪುನಗರ, ಮೈಸೂರು): ಡಾಕ್ಟ್ರೇ, ನನಗೀಗ 44. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ ನೈಟ್ ಶಿಫ್ಟು. 22ಕ್ಕೆ ಸಿಗರೇಟು ಅಂಟಿಕೊಂಡಿತು, ದಿನಕ್ಕೆ ಏಳೆಂಟು. 32ಕ್ಕೆ ಮಗಳು ಹೊಟ್ಟೆಗೆ ಬಂದಳು, ಅವತ್ತೇ ಬಿಟ್ಟೆ. ಹೋದ ತಿಂಗಳು ನಮ್ಮ ಆಫೀಸಿನವರೊಬ್ಬರಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಮೇಲಿಂದ ನಿದ್ದೆ ಬರ್ತಿಲ್ಲ. ನಾನು ಬಿಟ್ಟಿದ್ದು ದಂಡವಾಯ್ತಾ? ಸೇದುತ್ತಿದ್ದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಉತ್ತರ: ಖಂಡಿತ ದಂಡವಲ್ಲಮ್ಮ. ಬಿಟ್ಟು 10 ವರ್ಷ ಆಗುವಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಸ್ತನದ ವಿಷಯದಲ್ಲಿ ಇಳಿಕೆ ನಿಧಾನ. 20 ವರ್ಷದವರೆಗೂ ಒಂಚೂರು ಉಳಿದಿರಬಹುದು. ಆದರೆ ಸಿಗರೇಟಿನಿಂದ ಸ್ತನಕ್ಕೆ ಬರುವ ಹೆಚ್ಚಿನ ಅಪಾಯವೇ ಚಿಕ್ಕದು.

ನಿಮ್ಮ ವಿಷಯದಲ್ಲಿ ಎರಡು ಮಾತು ಮುಚ್ಚಿಡದೆ ಹೇಳಬೇಕು. ಮೊದಲ ಬಸಿರಿನಲ್ಲೇ ಸ್ತನದ ಜೀವಕೋಶಗಳು ಪೂರ್ತಿ ಬಲಿಯುವುದು. ಅದಕ್ಕೆ ಮುಂಚೆ ಬಿದ್ದ ಹೊಗೆ ಜಾಸ್ತಿ ತೊಂದರೆ ಕೊಡುತ್ತದೆ. ನೀವು ಸೇದಿದ 10 ವರ್ಷವೂ ಆ ಕಾಲದ್ದೇ. ಇನ್ನೊಂದು, 30 ದಾಟಿದ ಮೇಲಿನ ಮೊದಲ ಹೆರಿಗೆ, ಅದೂ ಅಪಾಯವನ್ನು ಸ್ವಲ್ಪ ಏರಿಸುತ್ತದೆ. ಇವೆರಡನ್ನೂ ಈಗ ಬದಲಾಯಿಸೋಕೆ ಆಗಲ್ಲ, ಅಲ್ವಾ? ಕೈಲಿರುವುದನ್ನು ನೋಡೋಣ.

ಸಿಗರೇಟು ಬಿಟ್ಟವರಿಗೆ ತೂಕ ಏರುವುದು ಸಾಮಾನ್ಯ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ತಯಾರಾಗುವುದು ಹೆಚ್ಚಾಗಿ ಕೊಬ್ಬಿನಲ್ಲೇ, ಅದೇ ಕ್ಯಾನ್ಸರಿಗೆ ಗೊಬ್ಬರ. ಆದ್ದರಿಂದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ಬಿರುಸಾಗಿ ನಡೆಯಿರಿ. ಮದ್ಯದ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಸ್ವಲ್ಪ ಕುಡಿದರೂ ಅಪಾಯ ಏರುತ್ತದೆ.

ಅಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಬಂದಿತ್ತಾ ಕೇಳಿಕೊಳ್ಳಿ. ಅಪ್ಪನ ಕಡೆಯವರನ್ನೂ ಕೇಳಿ, ಸ್ತನ ಕ್ಯಾನ್ಸರ್ ಅಪಾಯ ಏರಿಸುವ ಬಿಆರ್‌ಸಿಎ ಎಂಬ ಜೀನಿನ ದೋಷ ಅಪ್ಪನಿಂದಲೂ ಬರುತ್ತದೆ. ನಿಮಗೆ 40 ದಾಟಿದೆ, ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿ. ಡಾಕ್ಟರ ಹತ್ತಿರ ಸಿಗರೇಟಿನ ವಿಷಯ ಹೇಳಿ, ಅದು ಮನೆಯವರ ಕಿವಿಗೆ ಹೋಗುವುದಿಲ್ಲ.

ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಯ ಮೂರು ಬೆರಳನ್ನು ಚಪ್ಪಟೆ ಮಾಡಿ ಒತ್ತಿ ನೋಡಿ, ಕಂಕುಳವರೆಗೂ. ಹುಣಸೆ ಬೀಜದಷ್ಟು ಗಟ್ಟಿ ಗಂಟು ಸಿಕ್ಕರೆ, ನೋವಿಲ್ಲ ಅಂತ ಸುಮ್ನೆ ಇರಬೇಡಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಾಗಲಿ, ಆಮೇಲೆ ಹೋಗೋಣ ಅಂತ ಆರು ತಿಂಗಳು ಕಾದು ಬಂದವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರ ಪ್ರಶ್ನೆ (ಮದ್ದೂರು): ಮೇಡಂ, ನಮ್ಮತ್ತೆ ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕ್ತಾರೆ. ಹೊಗೆ ಇಲ್ಲವಲ್ಲ, ಪರವಾಗಿಲ್ವಾ?

ಉತ್ತರ: ಹೊಗೆ ಇಲ್ಲದಿದ್ದರೂ ಅದು ತಂಬಾಕೇ. ಅವರ ವಿಷಯದಲ್ಲಿ ಮೊದಲ ಭಯ ಬಾಯಿ ಕ್ಯಾನ್ಸರಿನದು. ಇವತ್ತೇ ಬೆಳಕಿಗೆ ಕೂರಿಸಿ ಬಾಯಿ ತೆರೆಸಿ. ಕೆನ್ನೆಯ ಒಳಗೆ ಬಿಳಿ ಮಚ್ಚೆಯೋ, ಎರಡು ವಾರವಾದರೂ ಮಾಯದ ಹುಣ್ಣೋ ಕಂಡರೆ ತಡ ಮಾಡದೆ ತೋರಿಸಿ. 30 ದಾಟಿದ ಹೆಂಗಸರಿಗೆ ಬಾಯಿ, ಸ್ತನ ಎರಡರ ತಪಾಸಣೆಯೂ ಸರ್ಕಾರದ ಯೋಜನೆಯಲ್ಲಿದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಅತ್ತೆಯನ್ನು ಕರೆದುಕೊಂಡು ಹೋದಾಗ ನೀವೂ ಮಾಡಿಸಿಕೊಂಡು ಬನ್ನಿ. ತಂಬಾಕು ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.